ಓದುಗರ ಪ್ರಶ್ನೆಗಳಿಗೆ ಉತ್ತರ: ಕರ್ನಾಟಕ ವಿಧಾನಸಭೆಯ ಬಲಾಬಲ

ಪ್ರಶ್ನೆ: 2023ರ ಚುನಾವಣೆಯಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಸ್ಥಾನ ಗೆದ್ದವೆಂದು ಓದಿದ್ದೆ. ಈಚಿನ ಲೇಖನಗಳಲ್ಲಿ ಬೇರೆ ಅಂಕಿಗಳಿವೆ. ಯಾವುದು ಸರಿ?

ಉತ್ತರ: ಎರಡೂ ಸರಿಯೇ. ಫಲಿತಾಂಶದ ಪಟ್ಟಿ ಮೇ 10ರಂದು ಮತದಾರರು ಕೊಟ್ಟ ತೀರ್ಪನ್ನು ದಾಖಲಿಸುತ್ತದೆ. ಸದನದ ಬಲಾಬಲವಾದರೋ ಸಾವು, ರಾಜೀನಾಮೆ, ಅನರ್ಹತೆ ಮತ್ತು ಉಪಚುನಾವಣೆಗಳಿಂದ ಐದು ವರ್ಷವೂ ಬದಲಾಗುತ್ತಿರುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಿಂದ ಎಚ್.ಡಿ. ಕುಮಾರಸ್ವಾಮಿ, ಹಾವೇರಿಯಿಂದ ಬಸವರಾಜ ಬೊಮ್ಮಾಯಿ, ಬಳ್ಳಾರಿಯಿಂದ ಇ. ತುಕಾರಾಂ ಗೆದ್ದರು. ಏಕಕಾಲಕ್ಕೆ ಎರಡೂ ಕಡೆ ಸದಸ್ಯರಾಗಿರಲು ಅವಕಾಶವಿಲ್ಲ. 14 ದಿನಗಳೊಳಗೆ ವಿಧಾನಸಭೆಯ ಸ್ಥಾನ ಬಿಡದಿದ್ದರೆ ಲೋಕಸಭೆಯ ಸ್ಥಾನವೇ ಕೈತಪ್ಪುತ್ತದೆ. ಹೀಗೆ ತೆರವಾದ ಚನ್ನಪಟ್ಟಣ, ಶಿಗ್ಗಾಂವಿ, ಸಂಡೂರು ಕ್ಷೇತ್ರಗಳಿಗೆ ಅದೇ ವರ್ಷದ ನವೆಂಬರ್‌ನಲ್ಲಿ ಉಪಚುನಾವಣೆ ನಡೆದು, ಮೂರೂ ಕಾಂಗ್ರೆಸ್ ಪಾಲಾದವು. ಸಂಡೂರು ಮೊದಲೇ ಆ ಪಕ್ಷದ್ದಾಗಿದ್ದರಿಂದ ಅದರ ಬಲಕ್ಕೆ ಸೇರಿದ್ದು ಎರಡೇ ಸ್ಥಾನ; ಜೆಡಿಎಸ್ ಮತ್ತು ಬಿಜೆಪಿ ತಲಾ ಒಂದನ್ನು ಕಳೆದುಕೊಂಡವು.

ಗಂಗಾವತಿಯ ಬದಲಾವಣೆ ಬೇರೆ ಬಗೆಯದು. ಕಲ್ಯಾಣ ರಾಜ್ಯ ಪ್ರಗತಿ ಪಕ್ಷದಿಂದ ಗೆದ್ದಿದ್ದ ಜನಾರ್ದನ ರೆಡ್ಡಿ 2024ರ ಮಾರ್ಚ್‌ನಲ್ಲಿ ಆ ಪಕ್ಷವನ್ನೇ ಬಿಜೆಪಿಯಲ್ಲಿ ವಿಲೀನಗೊಳಿಸಿದರು. ವಿಲೀನಕ್ಕೆ ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕೆಂದು ಪಕ್ಷಾಂತರ ತಡೆಯುವ ನಿಯಮಗಳಿರುವ ಸಂವಿಧಾನದ ಹತ್ತನೇ ಅನುಸೂಚಿ ಹೇಳುತ್ತದೆ. ಇದ್ದ ಶಾಸಕರೇ ಒಬ್ಬರಾಗಿದ್ದಾಗ ಆ ಲೆಕ್ಕಕ್ಕೆ ತೊಡಕೆಲ್ಲಿ? ಓದುಗರಿಗೆ ನಮ್ಮ ಸಲಹೆ ಇಷ್ಟೆ: ಪಕ್ಷವಾರು ಅಂಕಿ ಎಲ್ಲಿ ಕಂಡರೂ ಅದು ಯಾವ ದಿನಾಂಕದ್ದು ಎಂದು ಮೊದಲು ನೋಡಿ.

ಪ್ರಶ್ನೆ: ಬಿಜೆಪಿಯ ಮತಪ್ರಮಾಣ ಕುಸಿಯಲಿಲ್ಲವೆಂದು ಹೇಳುತ್ತಾರೆ. ಹಾಗಿದ್ದರೆ ಸ್ಥಾನಗಳು 104ರಿಂದ 66ಕ್ಕೆ ಇಳಿದದ್ದು ಹೇಗೆ?

ಉತ್ತರ: 2018ರಲ್ಲಿಯೂ 2023ರಲ್ಲಿಯೂ ಆ ಪಕ್ಷಕ್ಕೆ ಬಂದದ್ದು ಸುಮಾರು ಶೇ 36ರಷ್ಟು ಮತ ಎಂಬುದು ನಿಜ. ಆದರೆ ನಮ್ಮ ಪದ್ಧತಿಯಲ್ಲಿ ಸ್ಥಾನ ನಿರ್ಧಾರವಾಗುವುದು ರಾಜ್ಯದ ಒಟ್ಟು ಮತದಿಂದಲ್ಲ, ಆಯಾ ಕ್ಷೇತ್ರದಲ್ಲಿ ಎದುರಾಳಿಗಿಂತ ಮುಂದಿರುವುದರಿಂದ. ಈ ಐದು ವರ್ಷಗಳಲ್ಲಿ ಜೆಡಿಎಸ್ ಮತಪ್ರಮಾಣ ಸುಮಾರು ಶೇ 18ರಿಂದ 13ಕ್ಕೆ ಇಳಿಯಿತು. ಕಾಂಗ್ರೆಸ್ಸಿನದು ಶೇ 38ರಿಂದ 43ರ ಸಮೀಪಕ್ಕೆ ಏರಿತು. ಎದುರಾಳಿ ಮತಗಳು ಒಂದೆಡೆ ಕೂಡಿದಾಗ ಮೊದಲಿನಷ್ಟೇ ಮತ ಪಡೆದವರೂ ಸೋಲುತ್ತಾರೆ. ಇದರ ಜೊತೆಗೆ, ಬಿಜೆಪಿ ಉತ್ತರದ ತನ್ನ ಭದ್ರ ನೆಲೆಗಳಲ್ಲಿ ಮತ ಕಳೆದುಕೊಂಡು, ಗೆಲ್ಲುವಷ್ಟು ಬಲವಿಲ್ಲದ ಹಳೆ ಮೈಸೂರು ಭಾಗದಲ್ಲಿ ಗಳಿಸಿಕೊಂಡಿತು. 2018ರಲ್ಲಿ ಇದೇ ಪದ್ಧತಿ ಬಿಜೆಪಿಗೆ ಒಲಿದಿತ್ತೆಂಬುದನ್ನೂ ಮರೆಯಬಾರದು. ಆಗ ಅದಕ್ಕಿಂತ ಹೆಚ್ಚು ಮತ ಪಡೆದ ಕಾಂಗ್ರೆಸ್‌ಗೆ ದಕ್ಕಿದ್ದು 80 ಸ್ಥಾನ ಮಾತ್ರ. ಇನ್ನು 2023ರಲ್ಲಿ ಜಯನಗರದ ಗೆಲುವು ಬಿಜೆಪಿಯದಾದದ್ದು ಬರೇ 16 ಮತಗಳ ಅಂತರದಿಂದ.

ಪ್ರಶ್ನೆ: ಬಹುಮತಕ್ಕೆ 113 ಬೇಕಲ್ಲವೇ? 2019ರಲ್ಲಿ 105 ಸದಸ್ಯರಿದ್ದ ಬಿಜೆಪಿ ಸರ್ಕಾರ ರಚಿಸಿದ್ದು ಹೇಗೆ?

ಉತ್ತರ: 224 ಸ್ಥಾನಗಳೂ ತುಂಬಿ, ಎಲ್ಲರೂ ಮತ ಹಾಕಿದಾಗ ಮಾತ್ರ 113ರ ಮಾತು. ವಿಶ್ವಾಸಮತಕ್ಕೆ ಬೇಕಾದದ್ದು ಹಾಜರಿದ್ದು ಮತ ಚಲಾಯಿಸಿದವರಲ್ಲಿ ಬಹುಮತ. 2019ರ ಜುಲೈ 23ರಂದು ಅನೇಕರು ಗೈರಾಗಿದ್ದುದರಿಂದ ಕುಮಾರಸ್ವಾಮಿ ಸರ್ಕಾರ 99–105 ಮತಗಳಿಂದ ಬಿದ್ದಿತು. ಬಳಿಕ ಸಭಾಧ್ಯಕ್ಷ ರಮೇಶ್ ಕುಮಾರ್ 17 ಶಾಸಕರನ್ನು (ಇವರಲ್ಲಿ ಹೆಚ್ಚಿನವರು ಮೊದಲೇ ರಾಜೀನಾಮೆ ಕೊಟ್ಟಿದ್ದರು) ಅನರ್ಹಗೊಳಿಸಿದಾಗ ಸದನದ ಬಲ 207ಕ್ಕೆ ಇಳಿದು, ಬಹುಮತದ ಗೆರೆ 104ಕ್ಕೆ ಬಂದು ನಿಂತಿತು. ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತಾದರೂ ಉಪಚುನಾವಣೆಗೆ ನಿಲ್ಲಲು ಅವರಿಗೆ ಅವಕಾಶ ಕೊಟ್ಟಿತು; ಡಿಸೆಂಬರ್‌ನಲ್ಲಿ ಮತದಾನ ನಡೆದ 15 ಕ್ಷೇತ್ರಗಳಲ್ಲಿ 12ನ್ನು ಬಿಜೆಪಿ ಗೆದ್ದುಕೊಂಡಿತು. ಪಕ್ಷಾಂತರ ತಡೆಯಲೆಂದು ಬಂದ ಕಾನೂನು ಪಕ್ಷಾಂತರಕ್ಕೆ ರಾಜೀನಾಮೆಯ ದಾರಿಯನ್ನು ತೋರಿಸಿಕೊಟ್ಟಿತೆಂದು ಹೇಳಿದರೆ ತಪ್ಪಾಗಲಾರದು.

ಪ್ರಶ್ನೆ: ಪಕ್ಷದಿಂದ ಉಚ್ಚಾಟನೆಯಾದವರು ಶಾಸಕರಾಗಿ ಮುಂದುವರಿಯುವುದು ಸರಿಯೇ?

ಉತ್ತರ: ಕಾನೂನಿನ ಪ್ರಕಾರ ಸರಿ. ಅನರ್ಹತೆ ಬರುವುದು ಸದಸ್ಯರು ತಾವಾಗಿ ಪಕ್ಷ ತೊರೆದಾಗ ಅಥವಾ ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆದೇಶವನ್ನು (ವಿಪ್) ಉಲ್ಲಂಘಿಸಿದಾಗ. ಪಕ್ಷವೇ ಹೊರಹಾಕಿದರೆ ಸ್ಥಾನಕ್ಕೆ ಧಕ್ಕೆಯಿಲ್ಲ. 2019ರಲ್ಲಿ ಬಿಎಸ್‌ಪಿ ಉಚ್ಚಾಟಿಸಿದ ಮೇಲೂ ಎನ್. ಮಹೇಶ್ ಕೊಳ್ಳೇಗಾಲದ ಶಾಸಕರಾಗಿಯೇ ಉಳಿದರು. 2025ರಲ್ಲಿ ಬಿಜೆಪಿ ಹೊರಹಾಕಿದ ಬಸನಗೌಡ ಪಾಟೀಲ ಯತ್ನಾಳ, ಎಸ್.ಟಿ. ಸೋಮಶೇಖರ್ ಮತ್ತು ಶಿವರಾಮ ಹೆಬ್ಬಾರ್ ಅವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಹಾಗೆಂದು ಅವರು ಪೂರ್ಣ ಸ್ವತಂತ್ರರೂ ಅಲ್ಲ: ಹತ್ತನೇ ಅನುಸೂಚಿಯ ಮಟ್ಟಿಗೆ ಅಂಥವರು ತಮ್ಮನ್ನು ಕಣಕ್ಕಿಳಿಸಿದ ಪಕ್ಷಕ್ಕೇ ಸೇರಿದವರೆಂದು 1996ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಬೇರೆ ಪಕ್ಷ ಸೇರಿದರೆ ಸ್ಥಾನ ಕಳೆದುಕೊಳ್ಳಬೇಕಾದೀತು.

ಪ್ರಶ್ನೆ: ಹಳೆಯ ಪುಸ್ತಕಗಳಲ್ಲಿ ಸದಸ್ಯಬಲ 225 ಎಂದಿದೆಯಲ್ಲ?

ಉತ್ತರ: ಆಗ ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರನ್ನು ರಾಜ್ಯಪಾಲರು ನಾಮಕರಣ ಮಾಡುತ್ತಿದ್ದರು. 104ನೇ ತಿದ್ದುಪಡಿಯ ಫಲವಾಗಿ 2020ರ ಜನವರಿಯಿಂದ ಆ ಪದ್ಧತಿ ನಿಂತಿದೆ.