ಸೋಲಂಗ್, ಗುಲ್ಮಾರ್ಗ್, ಔಲಿ: ಮಕ್ಕಳೂ ಅಜ್ಜಿಯೂ ಇರುವ ಕುಟುಂಬಕ್ಕೆ ಯಾವುದು?

ಇಬ್ಬರು ಮಕ್ಕಳನ್ನೂ ಎಪ್ಪತ್ತರ ತಾಯಿಯನ್ನೂ ಕರೆದುಕೊಂಡು ಸ್ಕೀಯಿಂಗ್ ಇರುವ ಕಡೆ ಹೋಗಬೇಕು, ಹಿಮ ಕೈಕೊಟ್ಟರೂ ಖರ್ಚು ದಂಡವಾಗಬಾರದು, ಈ ಮೂರರಲ್ಲಿ ಯಾವುದಾದೀತು ಎಂದು ಕೇಳಿದ್ದೀರಿ. ನಾನು ಚಿಕ್ಕಬಳ್ಳಾಪುರದವನು. ಇಂಥದೇ ಸಂಸಾರದೊಡನೆ ಫೆಬ್ರವರಿಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಸೋಲಂಗ್‌ಗೆ ಹೋಗಿಬಂದಿರುವುದರಿಂದ ನನ್ನ ಮಾತು ಅತ್ತಲೇ ವಾಲುತ್ತದೆ.

ಕುಟುಂಬದಲ್ಲಿ ಸ್ಕೀ ಕಟ್ಟಿಕೊಳ್ಳುವವರು ಒಬ್ಬಿಬ್ಬರು. ಉಳಿದವರಿಗೂ ಹೊತ್ತು ಹೋಗಬೇಕಲ್ಲ. ಮನಾಲಿಯಿಂದ ಹದಿಮೂರು ಹದಿನಾಲ್ಕು ಕಿ.ಮೀ. ದೂರದ ಸೋಲಂಗ್ ಸುಮಾರು 2,500 ಮೀಟರ್ ಎತ್ತರದಲ್ಲಿದೆ, ಅಂದರೆ 1,478 ಮೀಟರಿನ ನಮ್ಮ ನಂದಿಬೆಟ್ಟದ ಮೇಲೆ ಇನ್ನೊಂದು ಸಾವಿರ ಮೀಟರ್. ನನ್ನ ತಾಯಿ ಮಂಕಿ ಕ್ಯಾಪ್ ಹಾಕಿಕೊಂಡು ರೋಪ್‌ವೇಯಲ್ಲಿ ಮೇಲಕ್ಕೆ ಹೋಗಿ ನೆಮ್ಮದಿಯಾಗಿ ಇಳಿದು ಬಂದರು. ಸ್ಕೀ ಬಲ್ಲವರಿಗೆ ಗುಲ್ಮಾರ್ಗ್‌ನ ಇಳಿಜಾರುಗಳೇ ಹೆಚ್ಚು ರುಚಿಸುತ್ತವೆ ಎಂಬುದು ನಿಜ, ಆದರೆ ಅಲ್ಲಿನ ರೋಪ್‌ವೇಯಾದ ಗೊಂಡೋಲದ ಎರಡನೆಯ ಹಂತ 3,900 ಮೀಟರ್‌ಗೂ ಮೇಲಕ್ಕೆ ಒಯ್ಯುತ್ತದೆ. ವಯಸ್ಸಾದವರನ್ನು ಅಲ್ಲಿಗೆ ಹತ್ತಿಸಲು ನನಗೆ ಧೈರ್ಯವಿಲ್ಲ. ಉತ್ತರಾಖಂಡದ ಔಲಿಗೆ ಜೋಶಿಮಠದಿಂದ ಹೋಗುತ್ತಿದ್ದ ರೋಪ್‌ವೇಯನ್ನು 2023ರ ಜನವರಿಯಲ್ಲಿ ಊರಿನ ನೆಲ ಕುಸಿದಾಗ ನಿಲ್ಲಿಸಿದರು.

ಸ್ಕೀಯಿಂಗ್ ವಿಷಯದಲ್ಲಿ ನಾನು ಮೋಸಹೋದೆ. ಮೊದಲ ದಿನ ಎದುರಾದವನೊಬ್ಬ ನಮ್ಮ ಕಾಲಿಗೆ ಹಲಗೆ ಕಟ್ಟಿ, ಹತ್ತಿಪ್ಪತ್ತು ಮಾರು ಜಾರಿಸಿ, ನಾಲ್ಕು ಫೋಟೊ ತೆಗೆದು ಇಡೀ ದಿನದ ದುಡ್ಡು ವಸೂಲು ಮಾಡಿದ. ಮರುದಿನ ತರಬೇತುದಾರರೊಬ್ಬರನ್ನು ಗೊತ್ತುಮಾಡಿಕೊಂಡ ಮೇಲೆಯೇ ನಿಲ್ಲುವುದನ್ನು ಕಲಿತದ್ದು: ಎರಡೂ ಸ್ಕೀಗಳ ಮೊನೆಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ಹೊರಕ್ಕೆ ಅಗಲಿಸಿದರೆ ಒಳಗಿನ ಅಂಚುಗಳು ಹಿಮವನ್ನು ಕಚ್ಚಿ ವೇಗ ಇಳಿಯುತ್ತದೆ. ಬೂಟು ಮಾತ್ರ ಕಲ್ಲಿನಂತಿರುತ್ತದೆ. ಕಣಕಾಲು ಮಡಿಸಲಾಗದೆ, ಮುಂದಕ್ಕೆ ಬಾಗಿಕೊಂಡು, ಹಿಮ್ಮಡಿಯೂರುತ್ತಾ ನಡೆಯಬೇಕು. ನನ್ನ ಮಗಳು ಅರ್ಧ ದಿನದಲ್ಲಿ ಕಲಿತದ್ದು ನನಗೆ ಎರಡು ದಿನ ಹಿಡಿಯಿತು. ಆದ್ದರಿಂದ ಮೂರು ದಿನಗಳನ್ನಾದರೂ ಇದಕ್ಕೇ ಎತ್ತಿಡಿ. ಗಂಭೀರವಾಗಿ ಕಲಿಯುವ ಮನಸ್ಸಿದ್ದರೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯು ಚಳಿಗಾಲದಲ್ಲಿ ಸ್ಕೀಯಿಂಗ್ ಶಿಬಿರಗಳನ್ನು ನಡೆಸುತ್ತದೆ.

ಜನವರಿಯ ಮಧ್ಯದಿಂದ ಫೆಬ್ರವರಿಯ ಕೊನೆಯವರೆಗಿನ ಕಾಲವೇ ಹಿಮಕ್ಕೆ ಹೆಚ್ಚು ನಂಬಿಕೆಯದು. ಡಿಸೆಂಬರ್ ರಜೆಯನ್ನು ನೆಚ್ಚಿಕೊಂಡು ಟಿಕೆಟ್ ಮಾಡಬೇಡಿ. ಹಿಮ ತೆಳುವಾಗಿದ್ದರೆ 2020ರಲ್ಲಿ ತೆರೆದ, ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ ಲಾಹೌಲ್‌ನ ಸಿಸ್ಸುವಿಗೆ ಹೋಗಬಹುದು. ಅದು ಇನ್ನೂ ಎತ್ತರದ ಜಾಗ. ಭಾರಿ ಹಿಮ ಬಿದ್ದ ದಿನಗಳಲ್ಲಿ ಅದೇ ದಾರಿಯನ್ನು ಮುಚ್ಚುವುದೂ ಉಂಟು.

ಮೇ ತಿಂಗಳಲ್ಲಿ ಹೋದಾಗ ಅದೇ ಇಳಿಜಾರು ಹಸಿರು ಹುಲ್ಲಾಗಿತ್ತು. ಮಕ್ಕಳು ದೊಡ್ಡ ಪ್ಲಾಸ್ಟಿಕ್ ಚೆಂಡಿನೊಳಗೆ ಕುಳಿತು ಉರುಳಿದರು, ಕುದುರೆ ಹತ್ತಿದರು; ನಾನು ಪ್ಯಾರಾಗ್ಲೈಡಿಂಗ್ ಮಾಡಿದೆ. ನಿಜ ಹೇಳಬೇಕೆಂದರೆ ಮನೆಮಂದಿಗೆಲ್ಲ ಹಿಡಿಸಿದ್ದು ಈ ಎರಡನೆಯ ಪ್ರವಾಸವೇ. ಹಿಮ ಮುಟ್ಟಲೇಬೇಕೆಂದು ಮಕ್ಕಳು ಹಟ ಹಿಡಿದಾಗ ಪರವಾನಗಿ ಪಡೆದು, ಇನ್ನೂ ಎತ್ತರದಲ್ಲಿರುವ ರೋಹ್ತಾಂಗ್ ಕಣಿವೆದಾರಿಗೆ ಹೋದೆವು.

ದಾರಿಯುದ್ದಕ್ಕೂ ಕೋಟು, ಗಮ್‌ಬೂಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಹೆಸರಿಗಿಂತ ನಂಬರ್‌ಗಳಿಂದಲೇ ಅವುಗಳ ಗುರುತು. ಗಾಡಿಯ ಚಾಲಕ ನಿಲ್ಲಿಸಿದ ಅಂಗಡಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಕೋಟನ್ನು ಅಲ್ಲಿ ಪಡೆಯಿರಿ, ಆದರೆ ಉಣ್ಣೆಯ ಕಾಲುಚೀಲಗಳನ್ನು ತಲಾ ಮೂರು ಜೊತೆಯಂತೆ ಊರಿನಿಂದಲೇ ಒಯ್ಯಿರಿ, ಏಕೆಂದರೆ ಒಮ್ಮೆ ಒದ್ದೆಯಾದದ್ದು ಮರುದಿನವೂ ಒಣಗುವುದಿಲ್ಲ.