ಬಚ್ಚಲುಮನೆಗೆ ಹೊಸ ಸಾಕೆಟ್: ಎಂಸಿಬಿ ಇದ್ದರೆ ಸಾಕೇ?

ಪ್ರಶ್ನೆ: ನಮ್ಮದು ಹಳೆಯ ಮನೆ. ಬಚ್ಚಲುಮನೆಯ ವಾಶ್ ಬೇಸಿನ್ ಹತ್ತಿರ ಹೇರ್ ಡ್ರೈಯರ್, ಟ್ರಿಮ್ಮರ್‌ಗೆಂದು ಒಂದು ಸಾಕೆಟ್ ಬೇಕಾಗಿದೆ. ಲೈಟಿನ ಸ್ವಿಚ್ ಬಾಕ್ಸ್‌ನಿಂದ ಲೂಪ್ ಎಳೆದರೆ ಆಯಿತು ಎನ್ನುತ್ತಾರೆ ನಮ್ಮ ಭಾವ. ಬಿಚ್ಚಿ ನೋಡಿದೆ, ಫೇಸ್, ನ್ಯೂಟ್ರಲ್ ಮಾತ್ರ ಇವೆ, ಅರ್ಥಿಂಗ್ ವೈರ್ ಇಲ್ಲ. ಮನೆಗೆಲ್ಲ ಎಂಸಿಬಿ ಹಾಕಿಸಿರುವುದರಿಂದ ಶಾಕ್‌ನ ಭಯ ಇಲ್ಲ ಅಂದುಕೊಂಡಿದ್ದೇನೆ. ಅದು ಆಗದಿದ್ದರೆ ಗೀಸರ್ ಪಾಯಿಂಟ್‌ನಿಂದ ತೆಗೆಯಬಹುದೇ? ನಾನೇ ಮಾಡಿಕೊಳ್ಳಬಹುದೇ?

ಉತ್ತರ: ಮೊದಲು ಎಂಸಿಬಿಯ ವಿಷಯ ಇತ್ಯರ್ಥ ಮಾಡೋಣ. ಎಷ್ಟೋ ಮನೆಗಳಲ್ಲಿ ಇದೇ ನಂಬಿಕೆ ಇದೆ, ಅದಕ್ಕೇ ನನಗೆ ಆತಂಕ. ಎಂಸಿಬಿ ಇರುವುದು ಕರೆಂಟು ಮಿತಿಮೀರಿದಾಗ ತಾನೇ ಲೈನ್ ಕಡಿದು, ವೈರ್ ಕಾದು ಸುಡದಿರಲಿ ಅಂತ. ಒದ್ದೆ ಮೈಯ ರೋಧ ಸುಮಾರು 1000 ಓಮ್‌ವರೆಗೂ ಇಳಿಯುತ್ತದೆ. 230 ವೋಲ್ಟ್ ತಗುಲಿದರೆ ಮೈಯಲ್ಲಿ ಹರಿಯುವುದು 230 ಮಿಲಿಆಂಪ್, ಅಂದರೆ 60 ವ್ಯಾಟ್ ಬಲ್ಬ್ ಎಳೆಯುವುದಕ್ಕಿಂತಲೂ ಸ್ವಲ್ಪ ಕಡಿಮೆ. 16 ಆಂಪ್‌ನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಟ್ರಿಪ್ ಆಗುವುದಿಲ್ಲ. ಮನುಷ್ಯನ ಹೃದಯ ಲಯ ತಪ್ಪಲು ಅದರ ಕಾಲುಭಾಗವೂ ಸಾಕಾಗಬಹುದು.

ಜೀವ ಕಾಯುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ನೋಡುತ್ತಿರುತ್ತದೆ. ವ್ಯತ್ಯಾಸ ಬಂತೆಂದರೆ, ಎಲ್ಲೋ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ಸೋರುತ್ತಿದೆ ಎಂದರ್ಥ. ಕ್ಷಣಾರ್ಧದಲ್ಲಿ ಕಟ್ ಮಾಡುತ್ತದೆ. ಬಚ್ಚಲುಮನೆಗೆ 30 ಮಿಲಿಆಂಪ್‌ನದೇ ಬೇಕು. 100 ಅಥವಾ 300 ಮಿಲಿಆಂಪ್ ಎಂದು ಬರೆದಿರುವುದು ಬೆಂಕಿಯ ಅಪಾಯಕ್ಕೆ, ಮೈಗೆ ತಗುಲುವ ಶಾಕ್‌ಗೆ ಅದನ್ನು ನಂಬಬೇಡಿ.

ಲೈಟಿನ ಬಾಕ್ಸ್‌ನಿಂದ ಲೂಪ್ ಬೇಡ. ಅರ್ಥಿಂಗ್ ಇಲ್ಲದಿರುವುದೇ ಬೇಡ ಎನ್ನಲು ಸಾಕು. ಇಂಥ ಕಡೆ ಕೆಲವರು ಸಾಕೆಟ್‌ನ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಜೋಡಿಸಿ ಕೈತೊಳೆದುಕೊಳ್ಳುತ್ತಾರೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಮುಂದೆ ಎಂದಾದರೂ ಆ ನ್ಯೂಟ್ರಲ್ ಕಡಿದುಹೋದರೆ, ಅಥವಾ ಅದರ ಸ್ಕ್ರೂ ಸಡಿಲವಾದರೆ, ಆ ಸಾಕೆಟ್‌ಗೆ ಹಾಕಿದ ಉಪಕರಣದ ಲೋಹದ ಮೈಗೆಲ್ಲ 230 ವೋಲ್ಟ್ ಬಂದು ಕೂರುತ್ತದೆ. ನೀರಿನ ಪೈಪಿಗೆ ಅರ್ಥ್ ಕಟ್ಟುವುದೂ ಅಷ್ಟೇ ಅಪಾಯ. ಮಧ್ಯೆ ಎಲ್ಲಾದರೂ ಒಂದು ಪಿವಿಸಿ ತುಂಡು ಸೇರಿದ್ದರೆ ಆ ಅರ್ಥ್ ಇದ್ದೂ ಇಲ್ಲದಂತೆ.

ಆದ್ದರಿಂದ ಡಿಬಿಯಿಂದಲೇ (ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆ) ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಹೊಸದಾಗಿ ಬರಲಿ. ಹೇರ್ ಡ್ರೈಯರ್ 1800 ವ್ಯಾಟ್ ಇದ್ದರೆ ಸುಮಾರು 8 ಆಂಪ್ ಎಳೆಯುತ್ತದೆ, 6 ಆಂಪ್ ಸಾಕೆಟ್ ತಡೆಯುವುದಿಲ್ಲ. 16 ಆಂಪ್ ಸಾಕೆಟ್ ಹಾಕಿಸಿ. ತಾಮ್ರದ ವೈರ್ 2.5 ಸ್ಕ್ವೇರ್ ಎಂಎಂಗಿಂತ ಕಡಿಮೆ ಬೇಡ. ಡಿಬಿ ದೂರ ಇದ್ದರೆ 4 ಸ್ಕ್ವೇರ್ ಎಂಎಂನದು ಎಳೆಸಿ.

ಇನ್ನು ಸಾಕೆಟ್ ಎಲ್ಲಿ ಕೂರಬೇಕು? ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡಗಳು ಬಚ್ಚಲುಮನೆಯನ್ನು ವಲಯಗಳಾಗಿ ಭಾಗಿಸುತ್ತವೆ. ಟಬ್‌ನ ಅಂಚಿನಿಂದ 60 ಸೆಂಟಿಮೀಟರ್‌ವರೆಗೆ, 2.25 ಮೀಟರ್ ಎತ್ತರದ ತನಕ ಸಾಮಾನ್ಯ ಸಾಕೆಟ್ ಬರಕೂಡದು. ಟಬ್ ಇಲ್ಲದೆ ಬರೀ ಶವರ್ ಇದ್ದರೆ ಶವರ್‌ನ ನೀರು ಹೊರಬರುವ ಬಾಯಿಯಿಂದ 1.2 ಮೀಟರ್. ಇದು ಕನಿಷ್ಠ, ಕೆಲವು ದೇಶಗಳ ನಿಯಮ ಇನ್ನೂ ಬಿಗಿ. ನನ್ನ ಕೇಳಿದರೆ, ಜಾಗ ಇರುವಷ್ಟೂ ದೂರ ಇಡಿ. ಹ್ಯಾಂಡ್ ಶವರ್ ಇದ್ದರೆ ಅದರ ಪೈಪನ್ನು ಪೂರ್ತಿ ಎಳೆದು ಹಿಡಿದು, ನೀರು ಎಲ್ಲಿಯತನಕ ಚಿಮ್ಮುತ್ತದೆ ನೋಡಿದ ಮೇಲೇ ಗೋಡೆಗೆ ಗುರುತು ಹಾಕಿಸಿ. ಬೇಸಿನ್‌ನ ನಲ್ಲಿಗೆ ನೇರ ಮೇಲೆ ಬೇಡ, ಪಕ್ಕಕ್ಕೆ ಸರಿಸಿ. ಮುಚ್ಚಳವಿರುವ, ಐಪಿ44 (ಚಿಮ್ಮುವ ನೀರನ್ನು ತಡೆಯುವಂಥದ್ದು) ಎಂದು ಗುರುತಿರುವ ಸಾಕೆಟ್ ತನ್ನಿ. ಪ್ಲಗ್ ಹಾಕಿದಾಗ ಮುಚ್ಚಳ ತೆರೆದೇ ಇರುತ್ತದೆ, ಹಾಗಾಗಿ ಅದನ್ನೇ ನೆಚ್ಚಿಕೊಂಡು ಹತ್ತಿರ ತರಬೇಡಿ.

ಸ್ವಂತ ಕೈಯಲ್ಲಿ? ಬೇಡ. ಡಿಬಿಯೊಳಗೆ ಮೇನ್ ಆಫ್ ಮಾಡಿದ ಮೇಲೂ ಒಳಬರುವ ವೈರ್‌ಗಳಲ್ಲಿ ಕರೆಂಟು ಇರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಆದರೆ ಪಕ್ಕದಲ್ಲೇ ನಿಂತು ನೋಡಿ. ಹೊಸ ಸಾಕೆಟ್‌ನ ನ್ಯೂಟ್ರಲ್, ಅದರ ಫೇಸ್ ಬಂದ ಅದೇ ಆರ್‌ಸಿಸಿಬಿಯಿಂದಲೇ ಬರಬೇಕು. ಬೇರೆ ಕಡೆಯ ನ್ಯೂಟ್ರಲ್ ಸೇರಿಸಿದರೆ ಡ್ರೈಯರ್ ಆನ್ ಮಾಡಿದ ಕೂಡಲೇ ಟ್ರಿಪ್ ಆಗುತ್ತದೆ. ಆಗ ‘ಆರ್‌ಸಿಸಿಬಿ ಸರಿ ಇಲ್ಲ, ಬೈಪಾಸ್ ಮಾಡ್ತೀನಿ’ ಎಂದರೆ ಒಪ್ಪಬೇಡಿ, ನ್ಯೂಟ್ರಲ್ ಹುಡುಕಿಸಿ. ಕೆಲಸ ಮುಗಿದ ಮೇಲೆ ಅರ್ಥ್ ಅನ್ನು ಮೀಟರ್ ಹಿಡಿದು ತೋರಿಸಲು ಕೇಳಿ. ಫೇಸ್‌ನಿಂದ ನ್ಯೂಟ್ರಲ್‌ಗೆ ಎಷ್ಟು ವೋಲ್ಟ್ ತೋರಿಸುತ್ತದೋ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ಬರೀ ವೋಲ್ಟ್ ಬಂದರೆ ಅರ್ಥ್ ಗಟ್ಟಿ ಇದೆ ಎಂದಲ್ಲ, ಅದರ ರೋಧವನ್ನೂ ಅಳೆಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ನೀವೇ ಒತ್ತಿ, ಆಗ ಹೊಸ ಸಾಕೆಟ್‌ನ ಕರೆಂಟು ಹೋಗಲೇಬೇಕು. ಆಮೇಲೂ ಆಗಾಗ ಒತ್ತುತ್ತಿರಿ.

ಗೀಸರ್ ಪಾಯಿಂಟ್‌ನಿಂದಲೂ ತೆಗೆಯಬೇಡಿ. 2000 ವ್ಯಾಟ್ ಗೀಸರ್ 8.7 ಆಂಪ್, ಡ್ರೈಯರ್ 7.8, ಎರಡೂ ಒಟ್ಟಿಗೆ ಓಡಿದರೆ 16.5. ಆ ಲೈನ್ 16 ಆಂಪ್‌ನದು, ಬೆಳಗಿನ ಹೊತ್ತು ಎರಡೂ ಒಟ್ಟಿಗೇ ಓಡುತ್ತವೆ.