ವಿಜಯಪುರ ಕಡೆ ರೈತರು ಗಾಳಿ ಫ್ಯಾನಿಗೆ ಯಾಕೆ ಅಡ್ಡ ನಿಲ್ತಾರೆ?

ನಿಮ್ಮ ಪ್ರಶ್ನೆ ಇದು: ಗಾಳಿಯಿಂದ ಕರೆಂಟ್ ಮಾಡಿದರೆ ಹೊಗೆ ಇಲ್ಲ, ಬೂದಿ ಇಲ್ಲ, ಆದರೂ ವಿಜಯಪುರ ಜಿಲ್ಲೆಯ ಹಳ್ಳಿ ಜನ ಯಾಕೆ ಬೇಡ ಅಂತಾರೆ, ಅವರಿಗೆ ಯಾರಾದರೂ ತಲೆ ತುಂಬ್ತಿದ್ದಾರಾ?

ನಾನು ಬಸವನ ಬಾಗೇವಾಡಿ ಕಡೆಯವನು. ನಮ್ಮ ಮನೆ ಮಾಳಿಗೆ ಹತ್ತಿದರೆ ಹನ್ನೊಂದು ಫ್ಯಾನು ಕಾಣುತ್ತವೆ. (ಪವನ ವಿದ್ಯುತ್ ಯಂತ್ರ ಅಂತ ಊರಲ್ಲಿ ಯಾರೂ ಅನ್ನಲ್ಲ. ಫ್ಯಾನು, ಅಷ್ಟೇ.) ತಲೆ ತುಂಬುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನಾನು ಕಣ್ಣಾರೆ ಕಂಡ ಜಗಳಗಳಲ್ಲಿ ಹೆಚ್ಚಿನವು ಫ್ಯಾನಿಗೆ ಹೋಗುವ ದಾರಿ ಮತ್ತು ಅಲ್ಲಿಂದ ಹೊರಡುವ ತಂತಿಗೆ ಸಂಬಂಧಪಟ್ಟವು.

ಮೊದಲು ಸುಳ್ಳನ್ನು ಮುಗಿಸಿಬಿಡೋಣ. "ಫ್ಯಾನು ಮೋಡ ಓಡಿಸ್ತಾವ, ಅದಕ್ಕ ಮಳಿ ಇಲ್ಲ" ಅನ್ನೋ ಮಾತು ಚಹಾ ಅಂಗಡಿಯಲ್ಲಿ ದಿನಾ ಕೇಳ್ತೀನಿ. ಈಗಿನ ದೊಡ್ಡ ಫ್ಯಾನಿನ ರೆಕ್ಕೆ ತುದಿ ಮೇಲೆ ಹೋದಾಗ ನೆಲದಿಂದ ಸುಮಾರು 210 ಮೀಟರ್. ಮಳೆ ತರುವ ಮೋಡದ ಮುಂದೆ ಅದು ಎಷ್ಟರದು? ನಮ್ಮದು ಮೊದಲಿಂದಲೂ ಸಹ್ಯಾದ್ರಿಯ ಮಳೆ ನೆರಳಿನ ಸೀಮೆ. 1972ರ ಬರದಲ್ಲಿ ಇಲ್ಲಿ ಒಂದು ಫ್ಯಾನೂ ಇರಲಿಲ್ಲ, ಆದರೂ ನಮ್ಮ ಅಜ್ಜ ಗಂಜಿ ಕೇಂದ್ರದ ಸಾಲಿನಲ್ಲಿ ನಿಂತಿದ್ದರು. ಇದನ್ನ ನಮ್ಮ ಕಾಕಾಗೂ ಹೇಳಿದೆ. "ಆತು ಬಿಡಪಾ, ಮೋಡ ಬಿಡು, ನನ್ನ ಹೊಲದಾಗ ನಿಂತ ನೀರಿಗೆ ಏನಂತಿ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಕಾನ ಹೊಲದ ಕಥೆ ಹೇಳ್ತೀನಿ, ಅದರಲ್ಲೇ ಅರ್ಧ ಉತ್ತರ ಇದೆ. ಅವರದು ನಾಲ್ಕೂವರೆ ಎಕರೆ ಎರೆಹೊಲ. ಫ್ಯಾನಿಗೆ ಜಾಗ ಕೊಟ್ಟದ್ದು ಅವರಲ್ಲ, ಮೇಲಿನ ಹೊಲದವರು. ಆದರೆ ಒಂದೊಂದು ರೆಕ್ಕೆ ಎಪ್ಪತ್ತು ಮೀಟರ್ ಉದ್ದ, ಅದನ್ನು ಹೊತ್ತ ಗಾಡಿ ನಮ್ಮ ಚಕ್ಕಡಿ ದಾರಿಯಲ್ಲಿ ತಿರುಗೋದಿಲ್ಲ. ಅದಕ್ಕೆ ಕಾಕಾನ ಬದುವಿನ ಗುಂಟ ಗರಸು ಹಾಕಿ ಸೊಂಟದ ಎತ್ತರಕ್ಕೆ ಹೊಸ ದಾರಿ ಮಾಡಿದರು. ಏಜೆಂಟ್ ಬಂದು ಮೊಬೈಲಲ್ಲಿ ಫೋಟೋ ಹೊಡೆದ, ಎಂಟು ಸಾವಿರ ಕೈಗಿಟ್ಟ, ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡ. ಅದರಲ್ಲಿ ಏನು ಬರೆದಿತ್ತು ಅಂತ ಕಾಕಾಗೆ ಇವತ್ತಿಗೂ ಗೊತ್ತಿಲ್ಲ. ಸಹಿ ಹಾಕುವಾಗ ಅದು ಖಾಲಿ ಇತ್ತು.

ದಾರಿಯ ಕೆಳಗೆ ಒಂದು ಸಿಮೆಂಟ್ ಪೈಪೂ ಇಟ್ಟಿರಲಿಲ್ಲ. ಎರೆಮಣ್ಣು ಗೊತ್ತಲ್ವಾ, ನೀರು ಕುಡಿಯೋದೂ ನಿಧಾನ, ಬಿಡೋದೂ ನಿಧಾನ. ಉತ್ತರಿ ಮಳೆ ಮೂರು ದಿನ ಹೊಡೆಯಿತು, ಮೇಲಿನ ಹೊಲಗಳ ನೀರೆಲ್ಲ ಇಳಿದು ಬಂದು ಆ ದಾರಿಗೆ ತಡೆದು ಕಾಕಾನ ತೊಗರಿಯಲ್ಲಿ ನಿಂತಿತು. ಹದಿನೈದು ದಿನ ಬಿಟ್ಟು ಇಬ್ಬರೂ ಹೋದೆವು. ಗಿಡ ದೂರದಿಂದ ಚೆನ್ನಾಗೇ ಕಾಣ್ತಿತ್ತು. ಕಾಕಾ ಒಂದನ್ನು ಹಿಡಿದು ಎಳೆದರು, ಎರಡೇ ಬೆರಳಿಗೆ ಕಿತ್ತು ಬಂತು. ಬೇರಿನ ಸಿಪ್ಪೆ ಕಪ್ಪಾಗಿ, ಒದ್ದೆ ಕಾಗದದ ಹಾಗೆ ಕಳಚಿಕೊಳ್ತಿತ್ತು. ಮೂಸಿ ನೋಡಿ ನನ್ನ ಕೈಗೆ ಕೊಟ್ಟರು, ಏನೂ ಮಾತಾಡಲಿಲ್ಲ.

ಹಿಂದೆ ನಮ್ಮ ಹತ್ತಿರದ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಬಂತು. 2014ರಲ್ಲಿ ದೊಡ್ಡ ಹೋರಾಟ ಆಗಿ ಗೋಲಿಬಾರ್ ತನಕ ಹೋಯಿತು, ಪತ್ರಿಕೆಗಳಲ್ಲಿ ಓದಿರಬಹುದು. ಅಂಥ ಸ್ಥಾವರಕ್ಕೆ ಪರಿಸರ ಅನುಮತಿ ಬೇಕು, ಅದಕ್ಕೂ ಮೊದಲು ಜನರನ್ನು ಕೂರಿಸಿ ಅಹವಾಲು ಕೇಳಬೇಕು. ಕೇಳಿದ್ದನ್ನು ಪಾಲಿಸ್ತಾರೋ ಇಲ್ಲವೋ ಬೇರೆ ಮಾತು, ಕೂರಿಸಲೇಬೇಕು ಅನ್ನೋ ಕಾನೂನಾದರೂ ಇದೆ. ಫ್ಯಾನಿಗೆ ಅದೂ ಇಲ್ಲ. 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಸೇರಿಯೇ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಇದು ಬಿಳಿ ವರ್ಗ, ಅಂದರೆ ಹೆಚ್ಚುಕಮ್ಮಿ ನಿರಪಾಯ. ಹೊಗೆಯ ಲೆಕ್ಕದಲ್ಲಿ ಸರಿನೇ. ಆದರೆ ಕಾಕಾನಂಥವರು ಎದ್ದು ನಿಂತು "ಸಾಹೇಬ್ರ, ಪೈಪ್ ಎಲ್ಲಿ ಇಡ್ತೀರಿ" ಅಂತ ಕೇಳೋಕೆ ಒಂದು ಸಭೆಯೇ ಇಲ್ಲದ ಹಾಗೆ ಆಗಿದೆ. ಕಂಪನಿ ಮಾತಾಡೋದು ಜಾಗ ಮಾರುವ ಒಬ್ಬನ ಜೊತೆ. ಸುತ್ತಲಿನ ನಲವತ್ತು ಜನ ಕಾಗದದಲ್ಲಿ ಎಲ್ಲೂ ಇಲ್ಲ.

ಜಾಗದ ವ್ಯವಹಾರವೂ ಹಾಗೇ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ನಮ್ಮ ಕಡೆ ಏಜೆಂಟರು ಮೊದಲೇ ಬಂದು, ಫ್ಯಾನಿನ ಸುದ್ದಿ ಎತ್ತದೇ, ಮಡ್ಡಿ (ಬೆಳೆ ಬಾರದ) ಜಾಗ ಖರೇದಿ ಮಾಡಿಟ್ಟುಕೊಂಡು ಆಮೇಲೆ ಕಂಪನಿಗೆ ಕೊಟ್ಟರು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ರೈತರ ಹೆಸರಲ್ಲೇ ಉತಾರ (ಪಹಣಿ) ಇಟ್ಟು, ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು ಮಾಡಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಸುವ ಲೀಸ್ ಮಾಡಿದ್ದರು. ನಮ್ಮಲ್ಲಿ ಒಂದೇ ಸಲ ದುಡ್ಡು, ಕೈ ತೊಳೆದುಕೊಂಡ ಹಾಗೆ. ಆ ದುಡ್ಡು ಒಂದು ಮದುವೆ, ಒಂದು ಟ್ರ್ಯಾಕ್ಟರ್, ಮುಗೀತು. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ: 3 ಮೆಗಾವ್ಯಾಟಿನ ಒಂದು ಫ್ಯಾನು ವರ್ಷದ ಮೂರನೇ ಒಂದು ಭಾಗ ಪೂರ್ತಿ ಓಡಿದಷ್ಟು ಕರೆಂಟ್ ಕೊಟ್ಟರೂ 80 ಲಕ್ಷ ಯೂನಿಟ್ ದಾಟುತ್ತದೆ. ಯೂನಿಟ್ಟಿಗೆ ಮೂರೂವರೆ ರೂಪಾಯಿ ಹಿಡಿದರೂ ಎರಡೂಮುಕ್ಕಾಲು ಕೋಟಿ ಮೇಲೆ. ಅದರಲ್ಲಿ ಸಾಲ, ಖರ್ಚು ಎಲ್ಲಾ ಇರುತ್ತೆ, ಒಪ್ಪುತ್ತೀನಿ. ಆದರೂ ಕಾಕಾಗೆ ಬರೀ ಎಂಟು ಸಾವಿರ ಅಂದರೆ ತೀರಾ ಕಮ್ಮಿ ಆಯ್ತು ಅಲ್ವಾ?

ಇನ್ನು ತಂತಿ. ದೊಡ್ಡ ಟವರ್ ಲೈನಿಗೆ ಹೊಲವನ್ನು ಸ್ವಾಧೀನ ಮಾಡಿಕೊಳ್ಳೋದಿಲ್ಲ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರದಲ್ಲಿ ಹಾಗೇ ಎಳೀತಾರೆ, ಪರಿಹಾರ ಮಾತ್ರ ಕೊಡ್ತಾರೆ. ಕೇಂದ್ರದ 2024ರ ಮಾರ್ಗಸೂಚಿ ಪ್ರಕಾರ ಟವರ್ ಕಾಲು ಊರಿದ ಜಾಗಕ್ಕೆ ಭೂಮಿ ಬೆಲೆಯ ಶೇ 200, ತಂತಿ ಹಾದುಹೋಗುವ ಪಟ್ಟಿಗೆ ಶೇ 30. ಇದು 66 ಕೆವಿ ಮತ್ತು ಅದಕ್ಕಿಂತ ಮೇಲಿನ ಲೈನಿಗೆ. ಫ್ಯಾನಿಂದ ಸಬ್‌ಸ್ಟೇಷನ್ನಿಗೆ ಹೋಗುವ ಒಳಗಿನ ಲೈನು ನಮ್ಮಲ್ಲಿ 33 ಕೆವಿ. ಅಲ್ಲಿಗೆ ಆ ಲೆಕ್ಕ ಬರಲ್ಲ, ಗಟ್ಟಿ ಬಾಯಿ ಇದ್ದವನಿಗೆ ಹೆಚ್ಚು, ಇಲ್ಲದವನಿಗೆ ಕಂಬವೇ ಬಹುಮಾನ.

ಜೊತೆಗೆ ಹೊಟ್ಟೆ ಉರಿಯೋ ವಿಷಯ ಒಂದಿದೆ. ಆಷಾಢದ ಗಾಳಿಯಲ್ಲಿ ಹನ್ನೊಂದೂ ಫ್ಯಾನು ರಾತ್ರಿಯಿಡೀ ತಿರುಗ್ತಾ ಇರುತ್ತವೆ, ನಮ್ಮ ಪಂಪ್‌ಸೆಟ್ಟಿಗೆ ಮಾತ್ರ ಏಳು ತಾಸಿನ ತ್ರೀಫೇಸು, ಅದೂ ನಡುನಡುವೆ ಕೈಕೊಡುತ್ತೆ. ಕರೆಂಟ್ ನೇರ ದೊಡ್ಡ ಗ್ರಿಡ್ಡಿಗೆ ಹೋಗುತ್ತೆ, ನಮ್ಮ ಊರಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನನಗೆ ಗೊತ್ತು. ಆದರೆ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ನೀರು ಹಾಯಿಸೋಕೆ ಹೋಗುವವನಿಗೆ, ತಲೆ ಮೇಲೆ ಕೆಂಪು ದೀಪ ಮಿಣುಕುವಾಗ, ಈ ಪಾಠ ಒಪ್ಪಿಸಿ ನೋಡಿ.

ಶಬ್ದದ ಬಗ್ಗೆ: ಊರೊಳಗೆ ಅಷ್ಟೇನಿಲ್ಲ. ತೋಟದ ವಸ್ತಿಯಲ್ಲಿ ಇರುವವರಿಗೆ ಕಷ್ಟ. ಕೇಂದ್ರದ 2016ರ ಮಾರ್ಗಸೂಚಿಯಲ್ಲಿ ಮನೆಯಿಂದ 500 ಮೀಟರ್ ದೂರ ಅಂತ ಇದೆ, ಆದರೆ ನಮ್ಮ ಕಡೆ ಹೊಲಕ್ಕೊಂದು ತಗಡಿನ ಮನೆ, ಅದು ಯಾವ ದಾಖಲೆಯಲ್ಲೂ ಇರಲ್ಲ.

ಹಾಗಂತ ಫ್ಯಾನು ಬೇಡ ಅನ್ನುವವನಲ್ಲ ನಾನು. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಹೊಸ ಪವನ ವಿದ್ಯುತ್ ಸಾಮರ್ಥ್ಯ ಸೇರಿದ್ದು ನಮ್ಮ ರಾಜ್ಯದಲ್ಲಿ, 1,331 ಮೆಗಾವ್ಯಾಟ್. 2023ರ ಬರದಲ್ಲಿ ಲೋಡ್‌ಶೆಡ್ಡಿಂಗ್ ಹೇಗಿತ್ತು ಅಂತ ನೆನಪಿದೆ, ಕರೆಂಟ್ ಬೇಕೇ ಬೇಕು. ನಮ್ಮ ದೊಡ್ಡಪ್ಪ ಏನೂ ಬೆಳೆಯದ ಎರಡು ಎಕರೆ ಮಡ್ಡಿ ಕೊಟ್ಟು ಖುಷಿಯಾಗೇ ಇದ್ದಾರೆ. ಗದಗದ ಕಪ್ಪತಗುಡ್ಡದಂಥ ವನ್ಯಜೀವಿ ಧಾಮದ ಮಾತು ಬೇರೆ, ಅಲ್ಲಿ ನಾನೂ ವಿರೋಧಿಯೇ.

ನಿಮ್ಮ ಊರಿಗೂ ಏಜೆಂಟ್ ಬರ್ತಿದ್ದರೆ ಒಂದು ಗುಟ್ಟು ಹೇಳ್ತೀನಿ. ಕೇಳೋದೆಲ್ಲ ಕ್ರೇನ್ ಬರುವ ಮುಂಚೆ ಕೇಳಿ. ದೊಡ್ಡ ಕ್ರೇನಿನ ಬಾಡಿಗೆ ದಿನದ ಲೆಕ್ಕ, ಅದು ಸುಮ್ನೆ ನಿಂತರೆ ಅವರಿಗೆ ನಿದ್ದೆ ಬರಲ್ಲ. ಅದು ವಾಪಸ್ ಹೋದ ಮೇಲೆ ನಿಮ್ಮ ಫೋನ್ ಯಾರೂ ಎತ್ತಲ್ಲ. ನಮ್ಮ ಊರಲ್ಲಿ ಹನ್ನೆರಡನೇ ಫ್ಯಾನಿನ ಕೆಲಸ ಶುರುವಾದಾಗ ಕಾಕಾ ಮತ್ತು ನಾಲ್ಕು ಜನ ಗರಸು ದಾರಿಯಲ್ಲಿ ಕಂಬಳಿ ಹಾಸಿ ಕೂತರು, ಬುತ್ತಿ ಕಟ್ಟಿಕೊಂಡು. ಒಂದೂವರೆ ದಿನ. ಆರು ಕಡೆ ಪೈಪ್ ಕೇಳಿದ್ದರು, ನಾಲ್ಕು ಕಡೆ ಇಟ್ಟರು. ಈ ಸಲ ಕಾಗದವನ್ನು ಹೈಸ್ಕೂಲ್ ಓದುವ ಮೊಮ್ಮಗಳ ಹತ್ತಿರ ಜೋರಾಗಿ ಓದಿಸಿ, ಆಮೇಲೆ ಸಹಿ ಹಾಕಿದರು. ಹಿಂಗಾರಿಗೆ ಬಿಳಿಜೋಳ ಬಿತ್ತಿದ್ದಾರೆ. ದೊಡ್ಡ ಮಳೆ ಇನ್ನೂ ಬಿದ್ದಿಲ್ಲ, ಆ ನಾಲ್ಕು ಪೈಪು ಸಾಲುತ್ತವೋ ಇಲ್ಲವೋ ಬಿದ್ದ ಮೇಲೆ ನೋಡಬೇಕು.